ನೆಲದಲ್ಲಿ ಕೂತವರಿಗೆ ಕಾಣುವಂತೆ

ಗೋಡೆಗೆ ಮೊಳೆ ಹೊಡೆಯುವ ಧೈರ್ಯ ಕೆಲವರಿಗೆ ಹುಟ್ಟಿನಿಂದಲೇ ಬಂದಿರುತ್ತದೆ. ಅವರು ಸುತ್ತಿಗೆ ಹಿಡಿದು ಬರುವ ಗತ್ತು ನೋಡಿದರೆ ಗೋಡೆಯೇ ಒಂದು ಹೆಜ್ಜೆ ಹಿಂದೆ ಸರಿದಂತೆ ಕಾಣುತ್ತದೆ. ನನಗೆ ಆ ಧೈರ್ಯ ಇಲ್ಲವೆಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮದುವೆಯಾದಾಗಿನಿಂದ ನಾವು ಇದ್ದದ್ದು ಬಾಡಿಗೆ ಮನೆಯಲ್ಲಿ, ಸಿರಸಿ ಪೇಟೆಯ ಒಂದು ಚಾಳಿನಲ್ಲಿ. ಒಂದೇ ಹಂಚಿನ ಮಾಡಿನ ಕೆಳಗೆ ಸಾಲಾಗಿ ಐದು ಮನೆ, ಹಿಂದುಗಡೆ ಎಲ್ಲರಿಗೂ ಸೇರಿ ಒಂದು ಬಾವಿ, ಬಾವಿಯ ಪಕ್ಕ ಬಚ್ಚಲುಮನೆಗಳು, ಅವುಗಳ ಮೇಲೊಂದು ಸಿಮೆಂಟಿನ ತಾರಸಿ. ಮಾಲೀಕರು ಒಳ್ಳೆಯವರೇ. ಬೀಗದ ಕೈ ಕೊಡುವಾಗ ಒಂದೇ ಒಂದು ಮಾತು ಹೇಳಿದ್ದರು: “ಗೋಡೆಗೆ ಮಾತ್ರ ಮೊಳೆ ಹೊಡೆಯಡಿ ಮಾಸ್ತರೇ.” ಹಾಗಾಗಿ ನಮ್ಮ ಸಂಸಾರವೆಲ್ಲ ನಮಗಿಂತ ಮೊದಲು ಇದ್ದವರು ಹೊಡೆದ ಮೊಳೆಗಳ ಮೇಲೆಯೇ ತೂಗಿತು. ಅವರು ಎಲ್ಲೆಲ್ಲಿ ಮೊಳೆ ಹೊಡೆದಿದ್ದರೋ ಅಲ್ಲಲ್ಲಿ ನಮ್ಮ ಕ್ಯಾಲೆಂಡರು, ನಮ್ಮ ಕನ್ನಡಿ, ನಮ್ಮ ದೇವರು. ನನ್ನ ಅಪ್ಪಯ್ಯನ ಫೋಟೋಕ್ಕೆ ಸಿಕ್ಕಿದ್ದು ಮುಂಬಾಗಿಲ ಹಿಂದಿನ ಮೊಳೆ. ಬಾಗಿಲು ತೆರೆದರೆ ಅಪ್ಪಯ್ಯ ಮಾಯ. ನಮ್ಮ ಚಾಳಿನಲ್ಲಿ ಬಾಗಿಲು ಹಾಕುವ ಪದ್ಧತಿ ಇಲ್ಲದ್ದರಿಂದ ಅವರ ದರ್ಶನ ನಮಗೆ ರಾತ್ರಿ ಮಲಗುವಾಗ ಮಾತ್ರ ಆಗುತ್ತಿತ್ತು.

ಇಂಥ ನಾನು ಈಗ ಸ್ವಂತ ಗೋಡೆಗಳ ಯಜಮಾನ. ಸಿದ್ದಾಪುರದ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರನಾಗಿ, ದಿನಾ ಸಿರಸಿಯಿಂದ ಬಸ್ಸಿನಲ್ಲಿ ಹೋಗಿ ಬಂದು, ಮಕ್ಕಳಿಗೆ ಮಡಕೆ, ಮಾವಿನ ಎಲೆ, ಸೂರ್ಯೋದಯ ಬಿಡಿಸಲು ಕಲಿಸಿ ನಿವೃತ್ತನಾದ ಮೇಲೆ, ಹೆಂಡತಿ ವಿಶಾಲಾಕ್ಷಿಯ ಬಹುಕಾಲದ ಆಸೆಯಂತೆ ಒಂದು ಫ್ಲ್ಯಾಟು ಕೊಂಡೆವು. ಬಣ್ಣದ ಹಾಳೆಯಲ್ಲಿ ಅದನ್ನು ‘ಲಕ್ಷುರಿ ಹೈರೈಸ್’ ಎಂದು ಅಚ್ಚು ಹಾಕಿದ್ದರು. ಆರು ಮಹಡಿ. ಬೆಂಗಳೂರಿನವರು ಕೇಳಿದರೆ ನಕ್ಕಾರು. ಸಿರಸಿಯ ಮಟ್ಟಿಗೆ ಅದು ಆಕಾಶಕ್ಕೇ ತಾಗಿದ್ದು. ಊರಿನವರು ಮಾತ್ರ ಲಕ್ಷುರಿಯನ್ನೂ ಹೈರೈಸನ್ನೂ ಪಕ್ಕಕ್ಕಿಟ್ಟು ‘ಲಿಫ್ಟಿನ ಮನೆ’ ಎಂದು ಕರೆದು ಮುಗಿಸಿದ್ದಾರೆ. ವಿಶಾಲಾಕ್ಷಿಯ ಆಸೆಯನ್ನು ತಪ್ಪೆನ್ನಲಾರೆ. ಬಾವಿಕಟ್ಟೆಯಲ್ಲಿ ಸರದಿ, ಬಚ್ಚಲಿಗೆ ಸರದಿ, ಬಟ್ಟೆ ಒಣಗಿಸುವ ತಂತಿಗೂ ಸರದಿ. “ಒಂದು ಸಲ ಆದ್ರೂ ಎನ್ನ ಬಾಗ್ಲನ್ನ ಆನೇ ಹಾಕ್ಯಂಡು ಒಳಗೆ ಕೂತ್ಗಳವು” ಎಂದು ಅವಳು ಹೇಳುತ್ತಲೇ ಬಂದಿದ್ದಳು. ಈಗ ಹಾಕಿಕೊಂಡು ಕೂತಿದ್ದಾಳೆ. ಬಾಗಿಲು ಎಷ್ಟು ಚೆನ್ನಾಗಿ ಮುಚ್ಚಿಕೊಳ್ಳುತ್ತದೆಂದರೆ ಇಲ್ಲೂ ಬಾಗಿಲ ಹಿಂದೆಯೇ, ಕಟ್ಟಿದವರು ಬಿಟ್ಟುಹೋದ ಮೊಳೆಗೆ ತೂಗುವ ಅಪ್ಪಯ್ಯ ಹಗಲಿಡೀ ನಮ್ಮನ್ನೇ ನೋಡುತ್ತಿರುತ್ತಾರೆ.

ಫ್ಲ್ಯಾಟಿಗೆ ಬಂದ ಮೇಲೆ ನನಗೆ ಎದುರಾದ ಮೊದಲ ಸಮಸ್ಯೆ ಕವಳದ್ದು. ನಮ್ಮ ಕಡೆ ಮನೆಗೆ ಯಾರೇ ಬರಲಿ, ಮೊದಲು ‘ಆಸ್ರಿಗೆ ಎಂತ ಬೇಕು’ ಎಂದು ಕುಡಿಯಲು ಏನಾದರೂ ಕೊಟ್ಟು, ಆಮೇಲೆ ಎಲೆ ಅಡಿಕೆಯ ತಬಕನ್ನು ಮುಂದೆ ಸರಿಸಬೇಕು. ತಬಕು ಸರಿದ ಮೇಲೆಯೇ ನಿಜವಾದ ಮಾತು ಶುರು. ಹೊಸ ಮನೆಯಲ್ಲೂ ಸಂಜೆಯಾದ ಕೂಡಲೇ ತಬಕನ್ನು ಟೀಪಾಯಿಯ ಮೇಲಿಟ್ಟು ಕಾದೆ. ಯಾರೂ ಬರಲಿಲ್ಲ. ಎಲೆ ಬಾಡಿತು. ಕೊನೆಗೆ ನಾನೊಬ್ಬನೇ ಹಾಕಿಕೊಂಡೆ. ಹಾಕಿಕೊಂಡ ಮೇಲೆ ಹೊಳೆಯಿತು, ಐದನೇ ಮಹಡಿಯಲ್ಲಿ ಉಗುಳುವುದೆಲ್ಲಿ? ಬಾಲ್ಕನಿಯ ನೇರ ಕೆಳಗೆ ಯಾರದೋ ಬಿಳಿ ಕಾರು. ಒಳಗಿನ ಬೇಸಿನ್ನು ಇನ್ನೂ ಬಿಳಿ. ಬಾಯಿ ತುಂಬಿಕೊಂಡು ಲಿಫ್ಟಿನಲ್ಲಿ ಇಳಿಯುತ್ತಿದ್ದಾಗ ಮೂರನೇ ಮಹಡಿಯಲ್ಲಿ ಒಬ್ಬರು ಹತ್ತಿ, “ನಮಸ್ಕಾರ, ಹೊಸದಾಗಿ ಬಂದವರಲ್ಲವೇ? ಯಾವ ಊರು?” ಎಂದು ತುಂಬ ಪ್ರೀತಿಯಿಂದ ಕೇಳಿದರು. ಆ ಕಟ್ಟಡದಲ್ಲಿ ನನ್ನನ್ನು ಯಾರಾದರೂ ಮಾತಾಡಿಸಿದ್ದು ಅದೇ ಮೊದಲು. ನಾನು “ಹೂಂ” ಎಂದೆ. ಮತ್ತೆ ಏನೋ ಕೇಳಿದರು. ಮತ್ತೆ “ಹೂಂ” ಎಂದೆ. ಅಂದಿನಿಂದ ಐದನೇ ಮಹಡಿಯ ಮಾಸ್ತರಿಗೆ ಸೊಕ್ಕು ಎಂಬ ಮಾತು ಹಬ್ಬಿದೆ. ಈಗ ಲಿಫ್ಟಿನಲ್ಲಿ ಯಾರು ಸಿಕ್ಕರೂ ಬಾಗಿಲ ಮೇಲೆ ಬದಲಾಗುವ ಅಂಕೆಗಳನ್ನು ನೋಡುತ್ತಾ ನಿಲ್ಲುತ್ತಾರೆ. ನಾನೂ ನೋಡುತ್ತೇನೆ.

ಹೀಗಿರುವಾಗ ಸಂಕ್ರಾಂತಿಗೆ ಮಗಳು ಸ್ಮಿತಾ ಒಂದು ಟಿವಿ ಕಳಿಸಿದಳು. ಅವಳು ಯಲ್ಲಾಪುರದಲ್ಲಿ ಕಾಲೇಜು ಲೆಕ್ಚರರ್. ಪೆಟ್ಟಿಗೆ ಎಷ್ಟು ದೊಡ್ಡದಿತ್ತೆಂದರೆ ಅದು ಲಿಫ್ಟಿನೊಳಗೆ ಹೋಗದೆ ಮೆಟ್ಟಿಲು ಹತ್ತಿಯೇ ಬಂತು. ಬಂದದ್ದನ್ನು ಗೋಡೆಗೆ ಒರಗಿಸಿಟ್ಟೆವು. ಆಮೇಲೆ ದಿನಾ ಫೋನು: “ಅಪ್ಪಾ, ಟಿವಿ ಗೋಡೆಗೆ ಹಾಕ್ಸಿದ್ಯ ಇಲ್ಯ?” ನಾನು ಕಾರಣ ಹೇಳುತ್ತಾ ಬಂದೆ. ಇವತ್ತು ಅಮಾವಾಸ್ಯೆ, ನಾಳೆ ಕರೆಂಟಿಲ್ಲ, ನಾಡಿದ್ದು ಅಸೋಸಿಯೇಶನ್ನಿನವರು ಗೋಡೆ ಕೊರೆಯಬಾರದೆಂದಿದ್ದಾರೆ. ನಿಜ ಹೇಳಬೇಕೆಂದರೆ ಅಷ್ಟು ನುಣುಪಾದ ಗೋಡೆಗೆ ತೂತು ಕೊರೆಸಲು ನನಗೆ ಕೈಯೇ ಬರುತ್ತಿರಲಿಲ್ಲ. ಗೋಡೆಯ ಮಾಲೀಕ ಬಂದು ಬಯ್ಯುತ್ತಾನೆಂದು ಅನಿಸುತ್ತಿತ್ತು. ಮಾಲೀಕ ನಾನೇ ಎಂಬುದು ಬುದ್ಧಿಗೆ ಗೊತ್ತು, ಬೆನ್ನಿಗೆ ಗೊತ್ತಿಲ್ಲ.

ಚಾಳಿನ ಮನೆಯಲ್ಲೂ ಟಿವಿ ಇತ್ತು. ಹಿಂದುಗಡೆ ಬಸುರಿಯಂತೆ ಉಬ್ಬಿದ ಡಬ್ಬಾ ಟಿವಿ. ಅದನ್ನು ಮಾಡಿನ ಹತ್ತಿರ ಒಂದು ಹಲಸಿನ ಹಲಗೆಯ ಮೇಲೆ ಏರಿಸಿ, ಹಿಂದೆ ಎರಡು ಹಂಚಿನ ಚೂರು ಕೊಟ್ಟು ಮುಂದಕ್ಕೆ ಬಾಗಿಸಿ, ಬೀಳದಂತೆ ತೆಂಗಿನ ಹಗ್ಗ ಬಿಗಿದಿದ್ದೆ. ನೋಡಿದವರಿಗೆ ಯಾರನ್ನೋ ಹಿಡಿದು ಕಟ್ಟಿಹಾಕಿದಂತೆ ಕಾಣುತ್ತಿತ್ತು. ಅಷ್ಟು ಎತ್ತರ ಯಾಕೆಂದರೆ ನೋಡುವವರೆಲ್ಲ ನೆಲದಲ್ಲಿ ಕೂರುವವರು. ಸಂಜೆಯಾದರೆ ಐದೂ ಮನೆಯವರು ನಮ್ಮ ಪುಟ್ಟ ಕೋಣೆಯಲ್ಲಿ. ಮುಂದೆ ಮಕ್ಕಳು, ನಡುವೆ ಹೆಂಗಸರು, ಹೊಸ್ತಿಲ ಮೇಲೆ ಗಂಡಸರು, ಕಿಟಕಿಯಾಚೆ ನಿಂತು ನೋಡಿ ಹೋಗುವವರು ಬೇರೆ. ಕೆಳಗೆ ಇಟ್ಟರೆ ಮುಂದಿನವರ ತಲೆ ಹಿಂದಿನವರಿಗೆ ಅಡ್ಡ. ಪಕ್ಕದ ಮನೆಯ ಸುಶೀಲಕ್ಕ ಬೀನ್ಸ್ ಬುಟ್ಟಿ ಸಮೇತ ಬಂದು ಗೋಡೆಗೆ ಒರಗಿ ಕೂತರೆಂದರೆ ಧಾರಾವಾಹಿ ಶುರುವಾಯಿತೆಂದೇ ಅರ್ಥ. ಅತ್ತೆ ಸೊಸೆಗೆ ಬಯ್ಯುವಾಗ ಸುಶೀಲಕ್ಕನ ಕತ್ತಿ ಬೀನ್ಸಿನ ಮೇಲೆ ಪಟಪಟ ಓಡುತ್ತಿತ್ತು. ಸೊಸೆ ಅತ್ತರೆ ನಿಲ್ಲುತ್ತಿತ್ತು. ದುಃಖದ ಧಾರಾವಾಹಿಗಳ ಕಾಲದಲ್ಲಿ ಅವರ ಮನೆಯ ಪಲ್ಯದಲ್ಲಿ ಬೀನ್ಸು ಉದ್ದುದ್ದ ಇರುತ್ತಿತ್ತೆಂದು ಅವರ ಯಜಮಾನರೇ ಹೇಳುತ್ತಿದ್ದರು.

ಆ ಸುಶೀಲಕ್ಕ ಗೃಹಪ್ರವೇಶಕ್ಕೆ ಬಂದಿದ್ದರು. ಚಪ್ಪಲಿಯನ್ನು ಲಿಫ್ಟಿನ ಹೊರಗೆ, ಕೆಳಗಿನ ಮಹಡಿಯಲ್ಲೇ ಬಿಟ್ಟು ಬರಿಗಾಲಲ್ಲಿ ಮೇಲೆ ಬಂದರು. “ಎಲ್ಲಾ ಚಲೋ ಇದ್ದು ವಿಶಾಲಾಕ್ಷಿ, ಆದ್ರೆ ಕಾಲಿಡಲೆ ಹೆದ್ರಿಕೆ ಆಗ್ತು” ಎಂದರು. ಉಂಡರು, ಕವಳ ಹಾಕಿಕೊಂಡರು, ಹೋದರು. ಮತ್ತೆ ಬರಲಿಲ್ಲ. ನಾವೇ ಒಂದು ಸಂಜೆ ಚಾಳಿಗೆ ಹೋದೆವು. ಯಾವತ್ತಿನ ಅಭ್ಯಾಸದಂತೆ ನೆಲದ ಮೇಲೆ ಕೂರಲು ಬಗ್ಗಿದ್ದೇ ತಡ, ಸುಶೀಲಕ್ಕ “ಅಯ್ಯೋ, ಕೆಳಗೆ ಎಂತಕ್ಕೆ, ಕುರ್ಚಿ ತತ್ತೆ ತಡೀರಿ” ಎಂದು ಒಳಗಿನಿಂದ ಎರಡು ಪ್ಲಾಸ್ಟಿಕ್ ಕುರ್ಚಿ ತಂದು, ಸೆರಗಿನಿಂದ ಒರೆಸಿ ಹಾಕಿದರು. ಆಸ್ರಿಗೆಯನ್ನು ಹೊಸ ಗಾಜಿನ ಲೋಟದಲ್ಲಿ ತಂದರು. ಅವರೆಲ್ಲ ನೆಲದ ಮೇಲೆ, ನಾವಿಬ್ಬರು ಕುರ್ಚಿಯ ಮೇಲೆ. ಬೀಗರ ಮನೆಗೆ ಹೋದವರಂತೆ ಮಳೆ ಬೆಳೆ ವಿಚಾರಿಸಿ ಎದ್ದು ಬಂದೆವು. ಲಿಫ್ಟಿನಲ್ಲಿ ವಿಶಾಲಾಕ್ಷಿ, “ಕುರ್ಚಿ ಕೊಟ್ರಲೆ ಅವು” ಎಂದಳು. ಯಾರಾದರೂ ಅವಮಾನ ಮಾಡಿದರೆ ಜಗಳವಾಡಬಹುದು. ಮರ್ಯಾದೆ ಕೊಟ್ಟವರ ಮೇಲೆ ಏನೆಂದು ದೂರುವುದು? ಮತ್ತೆ ನಾವು ಆ ಕಡೆ ಹೋಗಲಿಲ್ಲ.

ಕೊನೆಗೆ ಮಗಳೇ ಅಂಗಡಿಯವರಿಗೆ ಫೋನು ಮಾಡಿ ಟಿವಿ ಕೂರಿಸುವವರನ್ನು ಕಳಿಸಿದಳು. ಬಂದವರ ಹೆಸರು ಬಸವರಾಜ, ಬನವಾಸಿ ಕಡೆಯವರು. ಬಾಗಿಲಲ್ಲೇ ನಿಂತು ತಮ್ಮ ಕಷ್ಟಸುಖವನ್ನೆಲ್ಲ ಹೇಳಿ ಮುಗಿಸುವ ಜಾತಿ. ಅದೆಷ್ಟೋ ತಿಂಗಳ ಮೇಲೆ ಮನೆಗೊಬ್ಬ ಮಾತಾಡುವ ಮನುಷ್ಯ ಬಂದಿದ್ದು ನೋಡಿ ನಮಗಿಬ್ಬರಿಗೂ ಆದ ಸಂತೋಷ ಅಷ್ಟಿಷ್ಟಲ್ಲ. ವಿಶಾಲಾಕ್ಷಿ ಕಾವಲಿಯ ಮೇಲೆ ತೆಳ್ಳೇವು ಹೊಯ್ದಳು, ಆ ತೆಳು ದೋಸೆಗೆ ಜೋನಿಬೆಲ್ಲ ಬಡಿಸಿದಳು, ಸಾಕೆಂದರೆ ಮತ್ತೊಂದು ಹಾಕಿದಳು. ನಾನು ತಬಕು ಸರಿಸಿದೆ. “ಮೊದಲ ಕೆಲಸ ಮುಗಿಸ್ತೀನ್ರಿ, ಆಮ್ಯಾಲೆ ತಿಂತೀನ್ರಿ” ಎಂದ ಬಸವರಾಜ, ತಿಂದು ಮುಗಿಸುವಷ್ಟರಲ್ಲಿ ಸೋಫಾಕ್ಕೆ ಒರಗಿ ಆಕಳಿಸುತ್ತಿದ್ದರು. ಅಸೋಸಿಯೇಶನ್ನಿನವರು ಕೊರೆಯಲು ಕೊಟ್ಟ ಹೊತ್ತು ಹಾಗೇ ಜಾರುತ್ತಿತ್ತು. ನನಗೆ ಅದರ ಚಿಂತೆಯಿರಲಿಲ್ಲ. ನಾಳೆಯೂ ಬರಬೇಕಾಗಿ ಬಂದರೆ ನಾಳೆಯೂ ತೆಳ್ಳೇವು.

ಅಂತೂ ಎದ್ದು ಡ್ರಿಲ್ಲಿಂಗ್ ಮಶೀನು ಹಿಡಿದು, “ಎಷ್ಟ್ ಎತ್ತರಕ್ಕ ಹಾಕ್ಲಿರಿ ಮಾಸ್ತರ?” ಎಂದರು.

“ಇನ್ನೂ ಸ್ವಲ್ಪ ಮೇಲೆ” ಎಂದೆ. ಅವರು ಪೆನ್ಸಿಲಿನಿಂದ ಗುರುತು ಹಾಕಿದರು. “ಇನ್ನೂ ಸ್ವಲ್ಪ.” ಮತ್ತೊಂದು ಗುರುತು. “ಇನ್ನೂ.” ಕುರ್ಚಿಯಿಂದ ಇಳಿದು ಏಣಿ ತಂದರು.

“ಇಷ್ಟ್ ಮ್ಯಾಲೆ ಹಾಕಿದ್ರ ಕುತಗಿ ನೋಯ್ತೈತ್ರಿ. ಸೋಫಾದ ಮ್ಯಾಲೆ ಕುಂತವರಿಗೆ ಕಣ್ಣಿನ ಸಮಕ್ಕ ಇರಬೇಕ್ರಿ.”

“ಸೋಫಾದವರಿಗಲ್ಲ, ನೆಲದಲ್ಲಿ ಕೂತವರಿಗೆ ಕಾಣಬೇಕು. ಮುಂದಕ್ಕೆ ಚೆನ್ನಾಗಿ ಬಾಗಿಸಿ ಹಾಕಿ” ಎಂದೆ. ಹೇಳಿದ್ದು ನಾನೋ, ನನ್ನೊಳಗಿನ ಹಲಸಿನ ಹಲಗೆಯೋ, ನನಗೇ ತಿಳಿಯಲಿಲ್ಲ. ಅಡುಗೆಮನೆಯಿಂದ ವಿಶಾಲಾಕ್ಷಿ ಬಂದು ನೋಡಿ, “ಇಲ್ಲಿ ನೆಲದ ಮೇಲೆ ಕೂತ್ಗಂಬವು ಯಾರಿದ್ದ?” ಎಂದಳು. ಕೇಳಿದ ಧಾಟಿಯಲ್ಲಿ ಜಗಳವಿರಲಿಲ್ಲ. ಅದಕ್ಕೇ ನನಗೆ ಇನ್ನಷ್ಟು ಹಟ ಬಂತು. “ಬರ್ತ. ಬಂದ್ರೆ ಕಾಣವಲೆ” ಎಂದೆ. ಬಸವರಾಜ ಒಮ್ಮೆ ನನ್ನನ್ನೂ ಒಮ್ಮೆ ಅವಳನ್ನೂ ನೋಡಿ, “ನಿಮ್ಮ ಮನಿ, ನಿಮ್ಮ ಕುತಗಿ” ಎಂದು ಹೇಳಿ ಬಗ್ಗುವಂಥ ಬ್ರಾಕೆಟ್ಟು ತೆಗೆದರು. ಮಶೀನು ಕೂಗತೊಡಗಿದಾಗ ನಾನು ಒಳಗೆ ಹೋಗಿ ಕಿವಿ ಮುಚ್ಚಿಕೊಂಡು ಹಾಸಿಗೆಯ ಮೇಲೆ ಕೂತೆ. ನನ್ನ ಹಲ್ಲನ್ನೇ ಕೊರೆದಂತಿತ್ತು.

ಟಿವಿ ಗೋಡೆಯೇರಿತು. ರಸಮಟ್ಟ ಇಟ್ಟು ನೋಡಿದರೆ ಕೂದಲೆಳೆಯಷ್ಟೂ ಓರೆಯಿರಲಿಲ್ಲ. ಆದರೆ ನೋಡಲು ಮಾತ್ರ ಆಗುತ್ತಿರಲಿಲ್ಲ. ಸೋಫಾದಲ್ಲಿ ಕೂತರೆ ಬಸ್‌ ನಿಲ್ದಾಣದಲ್ಲಿ ಬೋರ್ಡು ಓದುವವರಂತೆ ಕತ್ತೆತ್ತಬೇಕು. ಮೊದಲ ವಾರ್ತೆ ಮುಗಿಯುವಷ್ಟರಲ್ಲಿ ನನ್ನ ಕುತ್ತಿಗೆ ಹಿಡಿದುಕೊಂಡಿತು. ವಿಶಾಲಾಕ್ಷಿ ಎಣ್ಣೆ ತಿಕ್ಕಿದ ರೀತಿಯೇ ಎಲ್ಲ ಹೇಳಿತು. ಮಗಳಿಗೆ ಫೋಟೋ ಕಳಿಸಿದೆವು. “ಅಪ್ಪಾ, ಇದೆಂತ, ಹೋಟ್ಲಲ್ಲಿ ಹಾಕಿದಾಂಗೆ ಹಾಕ್ಸಿದ್ದೆ?” ಎಂದು ನಕ್ಕಳು. ತೆಗೆಸಿ ಕೆಳಗೆ ಹಾಕಿಸೋಣವೆಂದರೆ ಗೋಡೆಯಲ್ಲಿ ಮತ್ತೆ ನಾಲ್ಕು ತೂತು. ಇದ್ದ ತೂತುಗಳ ದುಃಖವೇ ನನಗಿನ್ನೂ ಆರಿರಲಿಲ್ಲ.

ಮಾರನೆಯ ದಿನ ಊಟವಾದ ಮೇಲೆ, ಕುತ್ತಿಗೆಗೆ ಟವೆಲ್ಲು ಸುತ್ತಿಕೊಂಡು ಸೋಫಾದಲ್ಲಿ ಹಿಂದಕ್ಕೆ ಒರಗಿದ್ದೆ. ಟಿವಿ ಆರಿಸಿತ್ತು. ನೋಡುತ್ತೇನೆ, ಅದರ ಕಪ್ಪು ಗಾಜಿನಲ್ಲಿ ಸಿರಸಿ! ನನ್ನ ಬೆನ್ನ ಹಿಂದೆ ಬಾಲ್ಕನಿಯ ದೊಡ್ಡ ಗಾಜಿನ ಬಾಗಿಲು. ಬಾಗಿದ ಟಿವಿ ಆ ಬಾಗಿಲಾಚೆಯ ಊರನ್ನು ಹಾಗೇ ಹಿಡಿದುಕೊಂಡಿತ್ತು. ತಗಡಿನ ಮಾಡುಗಳು, ನೀರಿನ ಟ್ಯಾಂಕುಗಳು, ಅವುಗಳ ನಡುವೆ ಒಂದು ಉದ್ದನೆಯ ಹಂಚಿನ ಮಾಡು, ಅದರ ಹಿಂದೆ ಬಾವಿ, ಸಿಮೆಂಟಿನ ತಾರಸಿ. ನಮ್ಮ ಚಾಳು. ಬೊಗಸೆಯಲ್ಲಿ ಹಿಡಿಯುವಷ್ಟು ಚಿಕ್ಕದು, ಎಡಬಲ ಅದಲುಬದಲು. ಆದರೆ ನಮ್ಮದೇ.

ಬಾಲ್ಕನಿಯಲ್ಲಿ ನಿಂತರೆ ನೇರವಾಗಿಯೇ ಕಾಣುತ್ತದಲ್ಲ ಎಂದು ನೀವು ಕೇಳಬಹುದು. ಕಾಣುತ್ತದೆ. ಆದರೆ ಬಾಲ್ಕನಿಯಲ್ಲಿ ನಿಂತು ಬಿಟ್ಟುಬಂದ ಮನೆಯನ್ನು ನೋಡುವ ಮನುಷ್ಯನೂ ಎಲ್ಲರಿಗೂ ಕಾಣುತ್ತಾನೆ. ಕೆಳಗಿನವರು ಏನೆಂದುಕೊಂಡಾರು? ಅದಕ್ಕಿಂತ ಹೆಚ್ಚಾಗಿ, ಇಷ್ಟು ಆಸೆಪಟ್ಟು ಮನೆ ಮಾಡಿಕೊಂಡ ವಿಶಾಲಾಕ್ಷಿ ಏನೆಂದುಕೊಂಡಾಳು? ಟಿವಿ ಮುಂದೆ ಕೂತ ನಿವೃತ್ತ ಮಾಸ್ತರನನ್ನು ಯಾರೂ ಏನೂ ಕೇಳುವುದಿಲ್ಲ. ಹಾಗಾಗಿ ದಿನಾ ಮಧ್ಯಾಹ್ನ ಆರಿಸಿದ ಟಿವಿ ನೋಡುವುದು ನನ್ನ ಅಭ್ಯಾಸವಾಯಿತು. ಯಾರೋ ನೀರು ಸೇದುವುದು, ತಂತಿಯ ಮೇಲೆ ಸೀರೆ ಹಾರುವುದು, ಸಂಜೆ ಮಾಡಿನಿಂದ ಹೊಗೆ ಏಳುವುದು. ಧ್ವನಿಯಿಲ್ಲ, ಜಾಹೀರಾತೂ ಇಲ್ಲ. “ಹಾಕದ್ದೇ ಇಪ್ಪ ಟಿವಿನ ಎಂತ ನೋಡ್ತಾ ಕೂತಿದ್ರಿ?” ಎಂದು ವಿಶಾಲಾಕ್ಷಿ ಕೇಳಿದಾಗ, “ಕುತ್ತಿಗೆಗೆ ಆರಾಮ” ಎಂದೆ. ಅವಳು ಟಿವಿಯ ಕಡೆ ಒಮ್ಮೆ ನೋಡಿ ಒಳಗೆ ಹೋದಳು.

ಏಪ್ರಿಲ್ ಬಂತು. ನಮ್ಮ ಕಡೆ ಅದು ಹಲಸಿನ ಹಪ್ಪಳದ ಕಾಲ. ಒಬ್ಬರಿಂದ ಆಗುವ ಕೆಲಸವಲ್ಲ. ಚಾಳಿನಲ್ಲಿ ಒಂದೊಂದು ದಿನ ಒಂದೊಂದು ಮನೆಯ ಸರದಿ. ಒಬ್ಬರು ಬೇಯಿಸಿ ರುಬ್ಬಿ ಕೊಟ್ಟರೆ ಉಳಿದವರು ತಮ್ಮ ತಮ್ಮ ಮಣೆ ಹಿಡಿದು ಬಂದು, ಸುತ್ತ ಕೂತು, ಉಂಡೆ ಒತ್ತಿ, ತಾರಸಿಯ ಮೇಲೆ ಚಾಪೆ ಹಾಸಿ ಒಣಗಿಸಬೇಕು. ಹಿಟ್ಟಿಗೆ ತೆಂಗಿನೆಣ್ಣೆ ಮುಟ್ಟಿಸಿಕೊಂಡು ತಿನ್ನುವ ನೆಪದಲ್ಲಿ ನಾನೂ ಅಲ್ಲೇ ಸುಳಿಯುತ್ತಿದ್ದೆ. ವಿಶಾಲಾಕ್ಷಿಯ ಕೆಲಸ ಕಾಗೆ ಕಾಯುವುದು. ಉದ್ದದ ಕೋಲು ಹಿಡಿದು ಅವಳು ನಿಂತರೆ ಕಾಗೆಗಳು ಚಾಳಿನ ಮೇಲೆ ಹಾರುವುದನ್ನೇ ಬಿಡುತ್ತಿದ್ದವು. ಈ ವರ್ಷ ಅವಳಿಗೆ ಕರೆ ಬರಲಿಲ್ಲ. ಲಿಫ್ಟಿನ ಮನೆಯವರನ್ನು ಹಪ್ಪಳ ಒತ್ತಲು ಕರೆಯುವುದು ಹೇಗೆಂದು ಅವರು ಅಂದುಕೊಂಡಿರಬೇಕು. ಕರೆಯದೆ ಹೋಗುವುದು ಹೇಗೆಂದು ಇವಳು. ನಮ್ಮ ಅಡುಗೆಮನೆಯ ಮೂಲೆಯಲ್ಲಿ ಅವಳ ಹಪ್ಪಳದ ಮಣೆ ಒರೆಸಿ ಇಟ್ಟದ್ದು ಇಟ್ಟಂತೆಯೇ ಇತ್ತು. ನಾನು ಕಂಡರೂ ಕಾಣದವನಂತಿದ್ದೆ.

ಒಂದು ದಿನ ಪೇಟೆಯಿಂದ ತರಕಾರಿ ತಂದು ಬಾಗಿಲು ತೆಗೆದು ಒಳಗೆ ಬಂದರೆ, ವಿಶಾಲಾಕ್ಷಿ ಹಾಲಿನಲ್ಲಿ ಕೂತಿದ್ದಾಳೆ. ಸೋಫಾದಲ್ಲಲ್ಲ, ನೆಲದ ಮೇಲೆ, ಕಾಲು ಚಾಚಿ, ಮಡಿಲಲ್ಲಿ ಬೀನ್ಸಿನ ಬುಟ್ಟಿ. ಕತ್ತಿ ಕೈಯಲ್ಲಿ ಹಾಗೇ ನಿಂತಿದೆ. ಕಣ್ಣು ಟಿವಿಯ ಮೇಲೆ. ಟಿವಿ ಆರಿಸಿದೆ.

“ಟಿವಿ ಹಾಕ್ಯಳಲಾಗಿತ್ತು” ಎಂದೆ.

“ಶ್! ಸುಮ್ನಿರಿ” ಎಂದಳು, ತಿರುಗಿ ಸಹ ನೋಡದೆ. “ಸುಶೀಲಕ್ಕಂದು ಹಪ್ಪಳ ಇವತ್ತು. ಚಾಪೆ ಹಾಸಿಕ್ಕಿ ಒಳಗೆ ಹೋಜು. ಯಾರೂ ಕಾವಲಿಲ್ಲೆ.”

ನಾನೂ ಚೀಲ ಕೆಳಗಿಟ್ಟು ಪಕ್ಕದಲ್ಲಿ ಕೂತೆ. ಬಸವರಾಜನ ಬ್ರಾಕೆಟ್ಟು ನೆಲದಲ್ಲಿ ಕೂತವರಿಗೆಂದೇ ಬಗ್ಗಿದ್ದು. ಸೋಫಾಕ್ಕಿಂತ ಚೆನ್ನಾಗಿ ಕಾಣುತ್ತಿತ್ತು. ತಾರಸಿಯ ಮೇಲೆ ಸಾಲು ಸಾಲು ಚುಕ್ಕಿಗಳು. ಎಷ್ಟು ದಿನದಿಂದ ನೋಡುತ್ತಿದ್ದಾಳೆಂದು ನಾನು ಕೇಳಲಿಲ್ಲ, ಅವಳೂ ನನ್ನನ್ನು ಕೇಳಲಿಲ್ಲ. ಇಬ್ಬರ ಗುಟ್ಟೂ ಒಂದೇ ಗಾಜಿನಲ್ಲಿತ್ತು. ಅಷ್ಟರಲ್ಲಿ ಒಂದು ಕಪ್ಪು ಚುಕ್ಕೆ ಬಂದು ಚಾಪೆಯ ಅಂಚಿಗೆ ಇಳಿಯಿತು. ಇನ್ನೊಂದು ಬಂತು. ವಿಶಾಲಾಕ್ಷಿ ಕೂತಲ್ಲೇ ಕೈ ಬೀಸಿ “ಹುಶ್!” ಎಂದಳು. ಐದನೇ ಮಹಡಿಯ ಹುಶ್ಶಿಗೆ ಯಾವ ಕಾಗೆ ಹೆದರೀತು? ತಡೆಯಲಾರದೆ ಮೊಬೈಲು ತೆಗೆದಳು.

“ಸುಶೀಲಕ್ಕಾ, ಕಾಗೆ ಬಂಜು! ಬೇಗ ಮೇಲೆ ಹೋಗು! ಬಾವಿ ಬದಿ ಚಾಪೆ!” ಎಂದು ಕೂಗಿದಳು. ಆ ಕೂಗಿಗೆ ಮೊಬೈಲೇ ಬೇಕಿರಲಿಲ್ಲ. ಗಾಜಿನಲ್ಲಿ ಸುಶೀಲಕ್ಕನ ಪುಟ್ಟ ಆಕೃತಿ ತಾರಸಿಗೆ ಓಡಿಬಂದು ಕೈ ಬೀಸಿತು. ಕಾಗೆಗಳು ಹಾರಿದವು. ಆಮೇಲೆ ಫೋನಿನಲ್ಲಿ ಏದುಸಿರಿನ ದನಿ, ನನಗೂ ಕೇಳಿಸುವಷ್ಟು ದೊಡ್ಡದಾಗಿ: “ಅಲ್ದೇ, ನಿಂಗೆ ಹ್ಯಾಂಗೆ ಗೊತ್ತಾತೆ?”

ವಿಶಾಲಾಕ್ಷಿ ನನ್ನ ಮುಖ ನೋಡಿದಳು. ಸುಳ್ಳು ಹೇಳಿ ಅಭ್ಯಾಸವಿಲ್ಲದವಳು. “ಟಿವಿಲಿ ಕಾಣ್ತಾ ಇದ್ದು” ಎಂದಳು.

ಮತ್ತೆ ಸುಶೀಲಕ್ಕನ ದನಿ ಬಂತು. ಅದರಲ್ಲಿ ಹಳೆಯ ಗದರಿಕೆ ಇತ್ತು. “ಟಿವಿಲಿ ನೋಡ್ತಾ ಕೂತ್ಗಂಡ್ರೆ ಹಪ್ಪಳ ಕಾದಾಂಗೆ ಆಗ್ತನೇ? ಹಿಟ್ಟು ಇನ್ನೂ ರಾಶಿ ಇದ್ದು. ಬಪ್ಪಲೆ ಎಂತ ಧಾಡಿ ನಿಂಗೆ? ಬಾ, ಬರಕಾದ್ರೆ ಮಣೆ ತಗಬಾ.”

ಫೋನು ಇಟ್ಟ ವಿಶಾಲಾಕ್ಷಿಯ ಕಣ್ಣಲ್ಲಿ ನೀರಿತ್ತು. ಮದುವೆಯಾದ ಮೇಲೆ ನಾನು ಅವಳಿಗೆ ಅಷ್ಟು ಸಂತೋಷವಾಗುವ ಒಂದು ಬೈಗುಳವನ್ನೂ ಬೈದಿಲ್ಲ. ಬೀನ್ಸಿನ ಬುಟ್ಟಿಯನ್ನು ನನ್ನ ಮಡಿಲಿಗೆ ದಾಟಿಸಿ, ಮಣೆ ಎತ್ತಿಕೊಂಡು, ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದು ಹೋದಳು. ಬಾಗಿಲು ತೆರೆದೇ ಇತ್ತು. ಅಪ್ಪಯ್ಯ ಬಹಳ ದಿನದ ಮೇಲೆ ಬಾಗಿಲ ಹಿಂದೆ ಮರೆಯಾದರು.

ನಾನು ಬೀನ್ಸು ಹೆಚ್ಚುತ್ತಾ ಟಿವಿ ನೋಡುತ್ತಾ ಕೂತೆ. ಸ್ವಲ್ಪ ಹೊತ್ತಿಗೆ ಗಾಜಿನ ತಾರಸಿಯ ಮೇಲೆ ವಿಶಾಲಾಕ್ಷಿ ಕಾಣಿಸಿಕೊಂಡಳು, ಕೈಯಲ್ಲಿ ಉದ್ದದ ಕೋಲು. ಸುತ್ತ ನಾಲ್ಕಾರು ತಲೆಗಳು. ಯಾರೋ ಏನೋ ಹೇಳಿರಬೇಕು, ಎಲ್ಲರೂ ಒಟ್ಟಿಗೆ ಅಲುಗಾಡಿದರು, ನಗುತ್ತಿದ್ದರು. ಏನು ಹೇಳಿದರೆಂದು ನನಗೆ ಕೇಳಿಸಲಿಲ್ಲ. ಈ ಟಿವಿಗೆ ಧ್ವನಿಯಿಲ್ಲದ್ದು ಅಂದು ಮೊದಲ ಸಲ ಸಂಕಟವಾಯಿತು. ನನ್ನನ್ನು ಯಾರೂ ಕರೆದಿರಲಿಲ್ಲ. ಹಪ್ಪಳದ ಆಸೆಗೆ ದೂರದಲ್ಲಿ ಕೂತು ಹೊಂಚುವವರು ಈಗ ಊರಿನಲ್ಲಿ ಇಬ್ಬರೇ, ಆ ಕಾಗೆ ಮತ್ತು ನಾನು. ಅಷ್ಟರಲ್ಲಿ ವಿಶಾಲಾಕ್ಷಿ ನಮ್ಮ ಕಟ್ಟಡದ ಕಡೆ ತಿರುಗಿ ಕೋಲೆತ್ತಿ ಬೀಸಿದಳು. ಓಡಿಸುತ್ತಿದ್ದಾಳೋ, ಕರೆಯುತ್ತಿದ್ದಾಳೋ? ಕನ್ನಡಿಯಲ್ಲಿ ಎಲ್ಲವೂ ಅದಲುಬದಲೆಂದು ಮಕ್ಕಳಿಗೆ ಪಾಠ ಹೇಳಿದವನು ನಾನು. ಓಡಿಸುವಂತೆ ಕಂಡದ್ದರಿಂದ ಕರೆದದ್ದೇ ಎಂದು ತೀರ್ಮಾನಿಸಿದೆ.

ಹೊರಡುವಾಗ ಟಿವಿ ಆರಿಸಿ ಹೋಗೋಣವೆಂದು ರಿಮೋಟು ಒತ್ತಿದೆ. ಆರಿಸಿದ್ದ ಟಿವಿ ಹತ್ತಿಕೊಂಡಿತು. ಚಾಳು, ತಾರಸಿ, ಹೆಂಡತಿ, ಹಪ್ಪಳ ಎಲ್ಲ ಒಮ್ಮೆಲೇ ಹೋಗಿ, ಕೋಟು ಹಾಕಿದ ಒಬ್ಬ ಮನುಷ್ಯ ದೇಶದ ಮೇಲೆ ಕಿರುಚುತ್ತಿದ್ದ. ಅವನನ್ನು ಹಾಗೇ ಕಿರುಚಲು ಬಿಟ್ಟು ಚಪ್ಪಲಿ ಮೆಟ್ಟಿದೆ. ಮೆಟ್ಟಿದವನು ಮತ್ತೆ ಕಳಚಿ, ಅಡುಗೆಮನೆಗೆ ಹೋಗಿ, ನಾನು ಕೂತು ಉಣ್ಣುವ ಮಣೆಯನ್ನು ಕಂಕುಳಲ್ಲಿ ಇರುಕಿಕೊಂಡು ಬಂದೆ. ಹಪ್ಪಳ ಒತ್ತಲು ನನಗೆ ಬರುವುದಿಲ್ಲ. ಆದರೆ ಬರಿಗೈಯಲ್ಲಿ ಹೋದರೆ ಸುಶೀಲಕ್ಕ ಎಲ್ಲಿ ಕುರ್ಚಿ ತಂದುಬಿಡುತ್ತಾರೋ ಎಂಬ ಹೆದರಿಕೆ.